ಯೂರೋಪಿನ ಸಮಿತಿ ಪದ್ಧತಿಯೂ ಸಂಸತ್ತಿನ ಮೇಲ್ವಿಚಾರಣೆಯೂ

೨೦೧೪ನೆಯ ಇಸವಿಯ ಮೇ ೧ರಿಂದ ಭಾರತದ ಮಾವಿನಹಣ್ಣಿಗೆ ಯೂರೋಪಿಯನ್ ಒಕ್ಕೂಟದ ಬಾಗಿಲು ಮುಚ್ಚಿತು. ಮಾವಿನೊಡನೆ ಬದನೆ, ಹಾಗಲ, ಪಡವಲ, ಕೆಸು ಇವಕ್ಕೂ ಅದೇ ಗತಿಯಾಯಿತು. ಹಿಂದಿನ ವರ್ಷ ಭಾರತದಿಂದ ಹೋದ ಹಣ್ಣು ತರಕಾರಿಗಳ ೨೦೭ ರವಾನೆಗಳಲ್ಲಿ ಹಣ್ಣುನೊಣವೇ ಮೊದಲಾದ ಕೀಟಗಳು ಕಂಡುಬಂದುವೆಂಬುದು ಇದಕ್ಕೆ ಕೊಟ್ಟ ಕಾರಣ. ಆ ಕಾರಣದ ಯುಕ್ತಾಯುಕ್ತತೆಯನ್ನು ಕೃಷಿಶಾಸ್ತ್ರಜ್ಞರು ವಿಚಾರಿಸಲಿ. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಇಲ್ಲಿ ಏಳುವ ಪ್ರಶ್ನೆ ಬೇರೆ. ರತ್ನಾಗಿರಿಯ, ನಮ್ಮ ಧಾರವಾಡದ ಆಪೂಸು ಹಣ್ಣನ್ನು ತಡೆದ ಈ ಆಜ್ಞೆಯನ್ನು ಹೊರಡಿಸಿದವರು ಯಾರು? ಅದಕ್ಕೆ ಉತ್ತರ ಹೇಳಬೇಕಾದವರು ಯಾರು?

ಆಜ್ಞೆಗೆ ಸಹಿ ಬಿದ್ದದ್ದು ಏಪ್ರಿಲ್ ೨೪ರಂದು, ಬ್ರಸೆಲ್ಸಿನ ಯೂರೋಪಿಯನ್ ಆಯೋಗದ ಹೆಸರಿನಲ್ಲಿ. ಅದಕ್ಕೆ ಸುಮಾರು ಒಂದು ತಿಂಗಳು ಮೊದಲು, ಮಾರ್ಚ್ ೨೬ರಂದು, ಸಸ್ಯಾರೋಗ್ಯದ ಸ್ಥಾಯೀ ಸಮಿತಿಯೆಂಬ ಸಭೆಯೊಂದು ಆಯೋಗದ ಕರಡಿಗೆ ಒಪ್ಪಿಗೆ ಕೊಟ್ಟಿತ್ತು. ಆ ಸಮಿತಿಯಲ್ಲಿ ಕುಳಿತವರು ಸದಸ್ಯರಾಷ್ಟ್ರಗಳ ಸರ್ಕಾರಗಳು ಕಳುಹಿಸಿದ ಅಧಿಕಾರಿಗಳು. ಯೂರೋಪಿನ ಪ್ರಜೆಗಳು ಐದು ವರ್ಷಗಳಿಗೊಮ್ಮೆ ಮತ ಹಾಕಿ ಆರಿಸುವ ಸಂಸತ್ತಿನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂಬ ವಿಧಿಯೂ ಇರಲಿಲ್ಲ. ಇಂತಹ ಆಜ್ಞೆಗಳು ಆ ಒಕ್ಕೂಟದಲ್ಲಿ ವರ್ಷಕ್ಕೆ ನೂರುಗಟ್ಟಲೆ ಹೊರಡುತ್ತವೆ. ಇವು ಯಾವ ಅಧಿಕಾರದಿಂದ ಹೊರಡುತ್ತವೆ, ಇವುಗಳ ಮೇಲೆ ಸಂಸತ್ತು ಹೇಗೆ ತುಸುತುಸುವಾಗಿ ಹಿಡಿತ ಸಂಪಾದಿಸಿತು, ಎಲ್ಲಿ ಆ ಹಿಡಿತ ನಿಂತುಹೋಯಿತು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೂಲತಃ ಇದು ಯೂರೋಪಿಗೆ ಮಾತ್ರ ವಿಶಿಷ್ಟವಾದ ಸಮಸ್ಯೆಯಲ್ಲ. ಶಾಸನಸಭೆಯು ಕಾಯಿದೆಯ ಚೌಕಟ್ಟನ್ನು ರಚಿಸಿ, ವಿವರಗಳನ್ನು ತುಂಬುವ ಕೆಲಸವನ್ನು ಕಾರ್ಯಾಂಗಕ್ಕೆ ಬಿಡುವುದು ಆಧುನಿಕ ರಾಜ್ಯಗಳಲ್ಲೆಲ್ಲ ರೂಢಿಯಾಗಿದೆ. ನಮ್ಮ ದೇಶದಲ್ಲಿ ೧೯೫೧ರ ದೆಹಲಿ ಕಾನೂನುಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಶಾಸನಾಂಗವು ತನ್ನ ಸಾರಭೂತವಾದ ಕರ್ತವ್ಯವನ್ನು ಮತ್ತೊಬ್ಬರಿಗೆ ಒಪ್ಪಿಸಿಕೊಡಲಾಗದೆಂದು ತೋರಿಸಿತು. ೧೯೫೩ರಲ್ಲಿ ಲೋಕಸಭೆಯು ಸರ್ಕಾರ ಮಾಡುವ ನಿಯಮಗಳನ್ನು ಪರೀಕ್ಷಿಸಲು ಅಧೀನ ಶಾಸನ ಸಮಿತಿಯನ್ನು ನೇಮಿಸಿಕೊಂಡಿತು. ಮಂತ್ರಿಯಾದವನು ಅದರ ಸದಸ್ಯನಾಗುವಂತಿಲ್ಲ. ಆದರೆ ನಮ್ಮಲ್ಲಿ ನಿಯಮ ಮಾಡುವ ಮಂತ್ರಿ ಆ ಸದನದ ಎದುರಿಗೇ ಕುಳಿತಿರುತ್ತಾನೆ. ಯೂರೋಪಿನಲ್ಲಿ ಹಾಗಿಲ್ಲ. ಅಲ್ಲಿ ಅಧಿಕಾರ ಕೊಡುವವರು ಒಬ್ಬರು, ಪಡೆಯುವವರು ಇನ್ನೊಬ್ಬರು, ಪಡೆದವರ ಬೆನ್ನ ಹಿಂದೆ ನಿಂತು ನೋಡುವವರು ಮೂರನೆಯವರು. ಈ ಮೂರನೆಯ ಜಾಗದಲ್ಲಿ ಬಹುಕಾಲ ನಿಂತಿದ್ದುದು ಸಂಸತ್ತಲ್ಲ, ಸಮಿತಿಗಳು.

ಸಮಿತಿಗಳ ಹುಟ್ಟನ್ನು ೧೯೬೨ರಲ್ಲಿ ನೋಡಬೇಕು. ೧೯೫೭ರ ರೋಮ್ ಒಪ್ಪಂದದ ೧೫೫ನೆಯ ವಿಧಿಯು ಮಂತ್ರಿಪರಿಷತ್ತು ತಾನು ಮಾಡಿದ ನಿಯಮಗಳ ಅನುಷ್ಠಾನಕ್ಕೆ ಬೇಕಾದ ಅಧಿಕಾರವನ್ನು ಆಯೋಗಕ್ಕೆ ಕೊಡಬಹುದೆಂದು ಹೇಳಿತ್ತು. ಕೊಡುವ ಬಗೆಯನ್ನು ಹೇಳಿರಲಿಲ್ಲ. ಆರು ರಾಷ್ಟ್ರಗಳು ಸಮಾನ ಕೃಷಿನೀತಿಯನ್ನು ಆರಂಭಿಸಿದಾಗ ಧಾನ್ಯದ ಆಮದು ಸುಂಕ, ರಫ್ತಿನ ಪರಿಹಾರಧನ ಇವುಗಳನ್ನು ಬೆಲೆಯ ಏರಿಳಿತಕ್ಕೆ ತಕ್ಕಂತೆ ಮತ್ತೆ ಮತ್ತೆ ಗೊತ್ತುಪಡಿಸಬೇಕಾಯಿತು. ಈ ಕೆಲಸ ಆರು ಮಂತ್ರಿಗಳು ಕೂಡಿ ಮಾಡುವಂತಹುದಲ್ಲ. ಆಯೋಗಕ್ಕೇ ಬಿಟ್ಟುಕೊಡಲು ಅವರಿಗೆ, ಮುಖ್ಯವಾಗಿ ತಮ್ಮ ರೈತರ ಮತಕ್ಕೆ ಅಂಜುವವರಿಗೆ, ಮನಸ್ಸಿಲ್ಲ. ಆಗ ಕಂಡುಕೊಂಡ ಮಧ್ಯಮಾರ್ಗವೇ ನಿರ್ವಹಣ ಸಮಿತಿ. ಆಯೋಗವು ಕರಡನ್ನು ಸಮಿತಿಯ ಮುಂದಿಡತಕ್ಕದ್ದು. ರಾಷ್ಟ್ರಗಳ ಪ್ರತಿನಿಧಿಗಳ ಒಟ್ಟು ೧೭ ಮತಗಳಲ್ಲಿ ೧೨ ಕರಡಿಗೆ ವಿರುದ್ಧವಾಗಿ ಬಿದ್ದರೆ ಮಾತ್ರ ವಿಷಯ ಮಂತ್ರಿಪರಿಷತ್ತಿಗೆ ಹಿಂದಿರುಗುವುದು. ಇಲ್ಲವಾದರೆ ಆಯೋಗದ ಮಾತೇ ನಿಲ್ಲುವುದು. ಮುಂದೆ ಸುಂಕ, ಪಶುವೈದ್ಯ, ಆಹಾರ ಮೊದಲಾದ ವಿಷಯಗಳಲ್ಲಿ ಇನ್ನೂ ಬಿಗಿಯಾದ ನಿಯಂತ್ರಣ ಸಮಿತಿಗಳು ಬಂದುವು. ಅಲ್ಲಿ ವಿರೋಧ ಇಲ್ಲದಿದ್ದರೆ ಸಾಲದು, ಸಮಿತಿ ಸ್ಪಷ್ಟವಾಗಿ ಒಪ್ಪಬೇಕು. ಈ ವ್ಯವಸ್ಥೆಗೆ ಬ್ರಸೆಲ್ಸಿನ ಜನ ಕೊಮಿಟಾಲಜಿ ಎಂದು ಹೆಸರಿಟ್ಟರು. ಶಬ್ದ ಕಿವಿಗೆ ಹಿತವಲ್ಲ, ವಸ್ತುವೂ ಅಷ್ಟೆ.

ಸಂಸತ್ತಿನ ಆಕ್ಷೇಪ ಬಹು ಬೇಗ ಕೇಳಿಬಂತು. ೧೯೬೮ರಲ್ಲಿ ಅದರ ಕಾನೂನು ಸಮಿತಿಗಾಗಿ ಝೋಜೊ ಮಾರಿನ್ಯೆ ಸಿದ್ಧಪಡಿಸಿದ ವರದಿ, ಈ ಸಮಿತಿಗಳು ಆಯೋಗದ ಸ್ವಾತಂತ್ರ್ಯವನ್ನು ಕುಗ್ಗಿಸುತ್ತವೆಂದು ಎಚ್ಚರಿಸಿತು. ಆದರೆ ಆಗಿನ ಸಂಸತ್ತು ನೇರ ಚುನಾವಣೆಯಿಂದ ಬಂದದ್ದಲ್ಲ. ಸಲಹೆ ಹೇಳುವುದಕ್ಕಿಂತ ಹೆಚ್ಚಿನ ಅಧಿಕಾರ ಅದಕ್ಕಿರಲಿಲ್ಲ. ೧೯೭೦ರ ಡಿಸೆಂಬರಿನಲ್ಲಿ ಲಕ್ಸೆಂಬರ್ಗಿನ ನ್ಯಾಯಾಲಯವೂ ಸಮಿತಿಗಳ ಪಕ್ಷವನ್ನೇ ವಹಿಸಿತು. ಕೋಸ್ಟರ್ ಎಂಬ ಧಾನ್ಯ ವ್ಯಾಪಾರ ಸಂಸ್ಥೆಯು ಪರವಾನಗಿಗಾಗಿ ಇಟ್ಟ ಠೇವಣಿಯನ್ನು ಕಳೆದುಕೊಂಡು, ಇಂತಹ ಸಮಿತಿಯ ಮೂಲಕ ಬಂದ ನಿಯಮವೇ ಅಸಿಂಧುವೆಂದು ವಾದಿಸಿತ್ತು. ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು: ವಿಷಯದ ಸಾರಾಂಶಗಳನ್ನು ಒಪ್ಪಂದ ವಿಧಿಸಿದ ಕ್ರಮದಲ್ಲೇ ನಿರ್ಣಯಿಸಬೇಕು; ಉಳಿದ ವಿವರಗಳನ್ನು ಆಯೋಗಕ್ಕೆ ಬಿಡಬಹುದು; ಸಮಿತಿ ತಾನಾಗಿ ಏನನ್ನೂ ನಿರ್ಣಯಿಸಲಾರದಾದ್ದರಿಂದ ಸಂಸ್ಥೆಗಳ ಸಮತೋಲ ಕೆಡುವುದಿಲ್ಲ. ತೀರ್ಪು ಸಮಿತಿಗಳಿಗೆ ಜೀವದಾನ ಮಾಡಿತು, ನಿಜ. ಆದರೆ ‘ಸಾರಾಂಶಗಳು’ ಎಂಬ ಒಂದು ಮಾತನ್ನು ಅದು ಬಿಟ್ಟುಹೋಯಿತು. ನಲವತ್ತೆರಡು ವರ್ಷಗಳ ಮೇಲೆ ಸಂಸತ್ತಿಗೆ ಒದಗಿ ಬಂದದ್ದು ಆ ಮಾತೇ.

೧೯೭೯ರಲ್ಲಿ ನೇರ ಚುನಾವಣೆ ನಡೆದ ಮೇಲೆ ಸಂಸತ್ತಿನ ಧ್ವನಿ ಬದಲಾಯಿತು. ೧೯೮೭ರಲ್ಲಿ ಜಾರಿಗೆ ಬಂದ ಏಕ ಯೂರೋಪಿಯನ್ ಅಧಿನಿಯಮವು, ಅನುಷ್ಠಾನಾಧಿಕಾರವನ್ನು ಆಯೋಗಕ್ಕೆ ಕೊಡುವುದೇ ಸಾಮಾನ್ಯ ನಿಯಮವೆಂದು ವಿಧಿಸಿ, ಅದರ ಷರತ್ತುಗಳನ್ನು ಮುಂಚಿತವಾಗಿಯೇ ಗೊತ್ತುಮಾಡಬೇಕೆಂದಿತು. ಅದೇ ವರ್ಷದ ಜುಲೈ ೧೩ರಂದು ಮಂತ್ರಿಪರಿಷತ್ತು ಹೊರಡಿಸಿದ ನಿರ್ಣಯ ಸಮಿತಿಗಳನ್ನು ಸಲಹಾ, ನಿರ್ವಹಣ, ನಿಯಂತ್ರಣವೆಂದು ವಿಂಗಡಿಸಿತಲ್ಲದೆ ಸಂಸತ್ತಿನ ಹೆಸರನ್ನೇ ಎತ್ತಲಿಲ್ಲ. ಸಂಸತ್ತು ನ್ಯಾಯಾಲಯಕ್ಕೆ ಹೋಯಿತು. ೧೯೮೮ರ ಸೆಪ್ಟೆಂಬರಿನಲ್ಲಿ ಬಂದ ತೀರ್ಪು, ಇಂತಹ ದಾವೆ ಹೂಡುವ ಹಕ್ಕೇ ಸಂಸತ್ತಿಗಿಲ್ಲವೆಂದಿತು. ಆದರೆ ೧೯೯೦ರಲ್ಲಿ, ಚೆರ್ನೊಬಿಲ್ ದುರಂತದ ಬಳಿಕ ಆಹಾರದ ವಿಕಿರಣ ಮಟ್ಟದ ಬಗ್ಗೆ ಮಾಡಿದ ನಿಯಮದ ವಿಷಯದಲ್ಲಿ, ಅದೇ ನ್ಯಾಯಾಲಯ ತನ್ನ ಮಾತನ್ನು ಸಡಿಲಿಸಿ, ಸ್ವಂತ ಅಧಿಕಾರದ ರಕ್ಷಣೆಗಾಗಿ ಮಾತ್ರ ಸಂಸತ್ತು ದಾವೆ ಹೂಡಬಹುದೆಂದು ಅಂಗೀಕರಿಸಿತು.

ನ್ಯಾಯಾಲಯದಲ್ಲಿ ದೊರೆಯದ್ದು ಹಣದ ಚೀಲದಿಂದ ದೊರೆಯಿತು. ೧೯೮೮ರಲ್ಲಿ ಸಂಸತ್ತಿನ ಅಧ್ಯಕ್ಷ ಲಾರ್ಡ್ ಪ್ಲಂಬ್ ಮತ್ತು ಆಯೋಗದ ಅಧ್ಯಕ್ಷ ಜಾಕ್ ಡೆಲೋರ್ ಇವರ ನಡುವಿನ ಒಡಂಬಡಿಕೆಯಂತೆ ಕರಡುಗಳನ್ನು ಸಂಸತ್ತಿಗೂ ಕಳುಹಿಸಬೇಕಾಗಿತ್ತು. ಅವು ಸರಿಯಾಗಿ ಬರುವುದಿಲ್ಲವೆಂದು ಸಂಸತ್ತು ಮತ್ತೆ ಮತ್ತೆ ದೂರಿತು. ೧೯೯೩ರಲ್ಲಿ ಮಾಸ್ತ್ರಿಕ್ಟ್ ಒಪ್ಪಂದ ಜಾರಿಗೆ ಬಂದು ಅನೇಕ ವಿಷಯಗಳಲ್ಲಿ ಸಂಸತ್ತು ಮಂತ್ರಿಪರಿಷತ್ತಿನೊಡನೆ ಸಹಶಾಸಕನಾಯಿತು. ತಾನೂ ಕೂಡಿ ಮಾಡಿದ ಕಾಯಿದೆಯ ಅನುಷ್ಠಾನವನ್ನು ಪರಿಷತ್ತಿನ ಅಧಿಕಾರಿಗಳು ಮಾತ್ರ ನೋಡಿಕೊಳ್ಳುವುದು ನ್ಯಾಯವೇ ಎಂದು ಅದು ಕೇಳಿತು. ಕೇಳಿದ್ದಕ್ಕೆ ಉತ್ತರ ಬಾರದಿರಲು ೧೯೯೫ರ ಮುಂಗಡಪತ್ರದಲ್ಲಿ ಸಮಿತಿಗಳ ಸಭಾವೆಚ್ಚದ ಬಹುಭಾಗವನ್ನು ತಡೆಹಿಡಿಯಿತು. ಅಧಿಕಾರಿಗಳ ಪ್ರಯಾಣಭತ್ಯಕ್ಕೆ ಕುತ್ತು ಬಂದೊಡನೆ ಮಾತುಕತೆ ಚುರುಕಾಯಿತು! ೧೯೯೪ರ ಡಿಸೆಂಬರಿನಲ್ಲಿ ತಾತ್ಕಾಲಿಕ ಹೊಂದಾಣಿಕೆ, ೧೯೯೬ರಲ್ಲಿ ಸಭೆಗಳ ಕಾರ್ಯಸೂಚಿಯನ್ನೂ ಮತದಾನದ ಫಲವನ್ನೂ ತಿಳಿಸುವ ಒಪ್ಪಂದ, ಹೀಗೆ ಸಂಸತ್ತು ಮುಂದುವರಿಯಿತು.

ಇಷ್ಟರವರೆಗಿನ ಜಗಳ ಬ್ರಸೆಲ್ಸಿನ ಹೊರಗಿನವರಿಗೆ ಬೇಡವಾದ ಜಗಳ. ಅದು ಅಡುಗೆಮನೆಯವರೆಗೆ ಬಂದದ್ದು ೧೯೯೬ರಲ್ಲಿ. ಆ ವರ್ಷದ ಮಾರ್ಚ್ ೨೦ರಂದು ಬ್ರಿಟಿಷ್ ಸರ್ಕಾರವು, ದನಗಳ ಮಿದುಳಿನ ರೋಗಕ್ಕೂ ಮನುಷ್ಯರಲ್ಲಿ ಕಾಣಿಸಿಕೊಂಡ ಒಂದು ಹೊಸ ಮಾರಕ ವ್ಯಾಧಿಗೂ ಸಂಬಂಧವಿರುವ ಸಂಭವವುಂಟೆಂದು ಕಾಮನ್ಸ್ ಸಭೆಯಲ್ಲಿ ಒಪ್ಪಿಕೊಂಡಿತು. ಒಂದು ವಾರದೊಳಗೆ ಆಯೋಗವು ಬ್ರಿಟಿಷ್ ದನದ ಮಾಂಸದ ರಫ್ತನ್ನು ಜಗತ್ತಿನಾದ್ಯಂತ ನಿಷೇಧಿಸಿತು. ಹಾಗಾದರೆ ಹಿಂದಿನ ವರ್ಷಗಳಲ್ಲಿ ಅದು ಏನು ಮಾಡುತ್ತಿತ್ತು? ಈ ಪ್ರಶ್ನೆಯನ್ನು ಹಿಡಿದು ಸಂಸತ್ತು ಜುಲೈಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ೧೯೯೭ರ ಫೆಬ್ರವರಿಯಲ್ಲಿ ಬಂದ ವರದಿ ಬ್ರಿಟಿಷ್ ಸರ್ಕಾರವನ್ನು ಕಟುವಾಗಿ ಖಂಡಿಸಿತು. ಅದರ ಕೃಷಿಮಂತ್ರಿ ವಿಚಾರಣೆಗೆ ಬರಲು ಒಪ್ಪಿರಲೇ ಇಲ್ಲ. ಆಯೋಗವು ರೋಗದ ವಿಷಯವನ್ನು ಕಿರಿದು ಮಾಡಿ ತೋರಿಸಿತೆಂದೂ, ಅದಕ್ಕೆ ಸಲಹೆ ಕೊಡುತ್ತಿದ್ದ ಪಶುವೈದ್ಯ ತಜ್ಞರ ಸಭೆಯಲ್ಲಿ ಬ್ರಿಟಿಷ್ ತಜ್ಞರದೇ ಮೇಲುಗೈಯಾಗಿತ್ತೆಂದೂ ವರದಿ ಹೇಳಿತು.

ಈ ವರದಿಯಲ್ಲಿ ನಮ್ಮ ಗಮನ ಸೆಳೆಯುವುದು ಅಪರಾಧಿಗಳ ಪಟ್ಟಿಯಲ್ಲ, ಅಪರಾಧವನ್ನು ಯಾರ ಮೇಲೂ ನಿಲ್ಲಿಸಲಾಗದ ಸ್ಥಿತಿ. ಆಯೋಗ ಸಮಿತಿಯತ್ತ ಬೆರಳು ತೋರಿಸುವುದು. ಸಮಿತಿಯ ಅಧಿಕಾರಿಗಳು ತಮ್ಮ ಸರ್ಕಾರದ ಸೂಚನೆಯತ್ತ ತೋರಿಸುವರು. ಸರ್ಕಾರಗಳು ತಮ್ಮ ದೇಶದ ಸಂಸತ್ತಿಗೆ, ಇದು ಬ್ರಸೆಲ್ಸಿನ ತೀರ್ಮಾನವೆಂದು ಉತ್ತರ ಕೊಡುವುವು. ಹೀಗೆ ಹೊಣೆ ಊರೆಲ್ಲ ಸುತ್ತಿ ಎಲ್ಲಿಯೂ ಮನೆ ಮಾಡುವುದಿಲ್ಲ. ಸಮಿತಿ ಪದ್ಧತಿಯ ಮೇಲಿನ ದೊಡ್ಡ ಆಕ್ಷೇಪ ಇದೇ ಎಂದು ನಾವು ಭಾವಿಸುತ್ತೇವೆ. ಆಯೋಗದ ಸ್ವಾತಂತ್ರ್ಯಕ್ಕೆ ಧಕ್ಕೆ ಎಂಬ ೧೯೬೮ರ ಆಕ್ಷೇಪ ಇದರ ಮುಂದೆ ಚಿಕ್ಕದು. ಆಯೋಗದ ಮೇಲೆ ತಂದ ಅವಿಶ್ವಾಸ ಸೂಚನೆ ಬಿದ್ದುಹೋಯಿತು. ಆದರೂ ತಜ್ಞರ ಸಮಿತಿಗಳನ್ನು ಕೃಷಿ ಶಾಖೆಯಿಂದ ಬಿಡಿಸಿ ಬಳಕೆದಾರರ ಹಿತವನ್ನು ನೋಡಿಕೊಳ್ಳುವ ಶಾಖೆಗೆ ಒಪ್ಪಿಸಲಾಯಿತು.

೧೯೯೯ರ ಜೂನ್ ೨೮ರ ಹೊಸ ನಿರ್ಣಯದಲ್ಲಿ ಸಂಸತ್ತಿನ ಹೆಸರು ಮೊದಲ ಬಾರಿಗೆ ಕಾಣಿಸಿಕೊಂಡಿತು. ತಾನು ಸಹಶಾಸಕನಾದ ವಿಷಯಗಳಲ್ಲಿ, ಕರಡು ಕೊಟ್ಟ ಅಧಿಕಾರವನ್ನು ಮೀರಿದೆಯೆಂದು ಅದು ಒಂದು ತಿಂಗಳೊಳಗೆ ಹೇಳಬಹುದು; ಆಯೋಗ ಕೇಳಿಸಿಕೊಳ್ಳಬೇಕು, ಒಪ್ಪಬೇಕಾಗಿಲ್ಲ. ಮುಂದಿನ ಹೆಜ್ಜೆಗೆ ನೆಪವಾದದ್ದು ಷೇರು ಮಾರುಕಟ್ಟೆ. ೨೦೦೧ರಲ್ಲಿ ಅಲೆಕ್ಸಾಂಡರ್ ಲಾಂಫಲುಸ್ಸಿಯ ಅಧ್ಯಕ್ಷತೆಯ ಮಂಡಲಿ, ಹಣಕಾಸಿನ ಕಾಯಿದೆಗಳಲ್ಲಿ ಚೌಕಟ್ಟನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಅನುಷ್ಠಾನಕ್ಕೆ ಬಿಡಬೇಕೆಂದು ಸಲಹೆ ಮಾಡಿತು. ಈ ಸಲಹೆಗೆ ತನ್ನ ಮತವೂ ಬೇಕೆಂಬುದನ್ನು ಕಂಡ ಸಂಸತ್ತು, ಕೊಟ್ಟ ಅಧಿಕಾರ ನಾಲ್ಕು ವರ್ಷಕ್ಕೆ ತಾನಾಗಿ ಮುಗಿಯತಕ್ಕದ್ದೆಂಬ ಷರತ್ತನ್ನು ಹಲವು ಕಾಯಿದೆಗಳಲ್ಲಿ ಸೇರಿಸಿತು. ಅವಧಿ ಮುಗಿಯುತ್ತ ಬಂದಾಗ ೨೦೦೬ರ ಜುಲೈಯಲ್ಲಿ ಮಂತ್ರಿಪರಿಷತ್ತು ಇಳಿದು ಬಂದಿತು. ಕಾಯಿದೆಯನ್ನು ಬದಲಿಸುವಂತಹ ಅಥವಾ ಅದಕ್ಕೆ ಸೇರಿಸುವಂತಹ ಅನುಷ್ಠಾನ ನಿಯಮಗಳನ್ನು ಸಂಸತ್ತು ನಿಷೇಧಿಸಬಹುದೆಂದು ಒಪ್ಪಿಕೊಂಡಿತು. ೨೦೦೭ರಲ್ಲಿ ಇನ್ನೊಂದು ಗೆಲುವು: ಏಷ್ಯದ ರಾಷ್ಟ್ರಗಳ ಅಭಿವೃದ್ಧಿ ಸಹಾಯಕ್ಕೆಂದು ಇದ್ದ ನಿಯಮದ ಅಡಿಯಲ್ಲಿ ಆಯೋಗವು ಫಿಲಿಪ್ಪೀನ್ಸಿನ ಗಡಿ ಭದ್ರತೆಗೆ ಹಣ ಕೊಟ್ಟದ್ದು ಅಧಿಕಾರದ ಎಲ್ಲೆಯನ್ನು ಮೀರಿದ್ದೆಂದು, ಸಂಸತ್ತಿನ ದಾವೆಯ ಮೇಲೆ, ನ್ಯಾಯಾಲಯ ಆ ನಿರ್ಣಯವನ್ನು ರದ್ದುಮಾಡಿತು.

೨೦೦೯ರ ಡಿಸೆಂಬರ್ ೧ರಂದು ಜಾರಿಗೆ ಬಂದ ಲಿಸ್ಬನ್ ಒಪ್ಪಂದವು ಇಡೀ ಕ್ಷೇತ್ರವನ್ನು ಎರಡು ಹೋಳು ಮಾಡಿತು. ೨೯೦ನೆಯ ವಿಧಿಯಂತೆ, ಕಾಯಿದೆಯ ಅಮುಖ್ಯ ಅಂಶಗಳನ್ನು ತಿದ್ದುವ ಅಥವಾ ಪೂರಣ ಮಾಡುವ ಅಧಿಕಾರವನ್ನು ಆಯೋಗಕ್ಕೆ ಒಪ್ಪಿಸಬಹುದು. ಇಲ್ಲಿ ಸಮಿತಿಯ ಹಂಗಿಲ್ಲ. ಸಂಸತ್ತೂ ಪರಿಷತ್ತೂ ಸರಿಸಮಾನ. ಇಬ್ಬರಲ್ಲಿ ಯಾರಾದರೂ ಆಕ್ಷೇಪಿಸಿದರೆ ನಿಯಮ ನಿಲ್ಲದು, ಒಪ್ಪಿಸಿದ ಅಧಿಕಾರವನ್ನೇ ಹಿಂತೆಗೆದುಕೊಳ್ಳಲೂ ಬಹುದು. ೨೯೧ನೆಯ ವಿಧಿಯ ಅನುಷ್ಠಾನ ನಿಯಮಗಳಲ್ಲಿ ಹಾಗಲ್ಲ. ಅಲ್ಲಿ ಆಯೋಗವನ್ನು ಕಾಯುವವರು ಸದಸ್ಯರಾಷ್ಟ್ರಗಳು, ಎಂದರೆ ಹಳೆಯ ಸಮಿತಿಗಳೇ. ೨೦೧೧ರ ೧೮೨ನೆಯ ನಿಯಮದ ಮೂಲಕ ಸಂಸತ್ತಿಗೆ ಅಲ್ಲಿ ಉಳಿದದ್ದು, ಕರಡು ಎಲ್ಲೆ ಮೀರಿದೆಯೆಂದು ಎಚ್ಚರಿಸುವ ಹಕ್ಕು ಮಾತ್ರ. ಎಚ್ಚರಿಕೆಯ ಮೇಲೆ ಆಯೋಗ ಪುನಃ ಪರಿಶೀಲಿಸತಕ್ಕದ್ದು. ಆಮೇಲೆ ಇದ್ದಂತೆಯೇ ಉಳಿಸಿಕೊಳ್ಳಲೂ ಸ್ವತಂತ್ರ. ನಮ್ಮ ಮಾವಿನಹಣ್ಣು ಸಿಕ್ಕಿಬಿದ್ದದ್ದು ಈ ಎರಡನೆಯ ಹೋಳಿನಲ್ಲಿ.

ಮೊದಲನೆಯ ಹೋಳಿನಲ್ಲಿ ಸಂಸತ್ತು ಕೈಕಟ್ಟಿ ಕುಳಿತಿಲ್ಲ. ೨೦೧೪ರ ಮಾರ್ಚಿಯಲ್ಲಿ ಆಹಾರದಲ್ಲಿನ ನ್ಯಾನೋ ಕಣಗಳ ವ್ಯಾಖ್ಯೆಯನ್ನೂ, ೨೦೧೬ರ ಜನವರಿಯಲ್ಲಿ ಎಳೆಯ ಮಕ್ಕಳ ಆಹಾರದ ಬಗೆಗಿನ ನಿಯಮವನ್ನು ಸಕ್ಕರೆಯ ಪ್ರಮಾಣ ಹೆಚ್ಚೆಂಬ ಕಾರಣಕ್ಕೂ, ಅದು ತಿರಸ್ಕರಿಸಿತು. ಆದರೆ ಇಂತಹ ಆಕ್ಷೇಪಕ್ಕೆ ಹಾಜರಿದ್ದವರ ಬಹುಮತ ಸಾಲದು, ಸದನದ ಒಟ್ಟು ಸದಸ್ಯರ ಬಹುಮತ ಬೇಕು. ಈ ನಿಬಂಧನೆ ಎಷ್ಟು ಭಾರವಾದದ್ದೆಂಬುದಕ್ಕೆ ಸಮುದ್ರದ ಗಡಿಯ ಪ್ರಕರಣ ಸಾಕ್ಷಿ.

ಮೆಡಿಟರೇನಿಯನ್ ಸಮುದ್ರದಲ್ಲಿ ದೋಣಿಯೇರಿ ಬರುವ ವಲಸೆಗಾರರನ್ನು ಗಡಿಕಾವಲಿನವರು ಹೇಗೆ ತಡೆಯಬೇಕು, ಮುಳುಗುವವರನ್ನು ಹೇಗೆ ಉಳಿಸಬೇಕು, ಉಳಿಸಿದವರನ್ನು ಯಾವ ದಡಕ್ಕೆ ಇಳಿಸಬೇಕು ಎಂಬ ವಿಷಯಗಳನ್ನು ‘ಅನುಷ್ಠಾನದ ವಿವರ’ವೆಂದು ಕರೆದು ೨೦೧೦ರಲ್ಲಿ ಕರಡೊಂದನ್ನು ತರಲಾಯಿತು. ಇದು ೨೦೦೬ರಲ್ಲಿ ಬಂದ ನಿಷೇಧಾಧಿಕಾರದ ವಿಧಾನಕ್ಕೆ ಸೇರಿದ್ದು. ಸಂಸತ್ತಿನಲ್ಲಿ ಆಕ್ಷೇಪದ ಪರವಾಗಿ ಹೆಚ್ಚು ಮತಗಳು ಬಿದ್ದರೂ, ೭೩೬ ಸದಸ್ಯರ ಸದನದಲ್ಲಿ ಬೇಕಾಗಿದ್ದ ೩೬೯ ದೊರೆಯಲಿಲ್ಲ. ಏಪ್ರಿಲ್ ೨೬ರಂದು ಮಂತ್ರಿಪರಿಷತ್ತು ನಿರ್ಣಯವನ್ನು ಹೊರಡಿಸಿತು. ಸಂಸತ್ತು ಮತದಲ್ಲಿ ಸೋತದ್ದನ್ನು ನ್ಯಾಯಾಲಯದಲ್ಲಿ ಮತ್ತೆ ಎತ್ತಿತು. ೨೦೧೨ರ ಸೆಪ್ಟೆಂಬರ್ ೫ರ ತೀರ್ಪಿನಲ್ಲಿ ನ್ಯಾಯಾಲಯವು ೧೯೭೦ರ ಆ ಹಳೆಯ ಮಾತಿಗೆ ಹೊಸ ಬಲವನ್ನು ಕೊಟ್ಟಿತು. ಹಡಗನ್ನು ವಶಪಡಿಸಿಕೊಳ್ಳುವುದು, ಜನರನ್ನು ಹಿಡಿದು ಬೇರೆಡೆಗೆ ಒಯ್ಯುವುದು ಇವು ಮನುಷ್ಯರ ಮೂಲಭೂತ ಹಕ್ಕುಗಳನ್ನು ಮುಟ್ಟುವ ರಾಜಕೀಯ ನಿರ್ಧಾರಗಳು. ಆದ್ದರಿಂದ ಇವು ಸಾರಾಂಶಗಳು. ಇವನ್ನು ಶಾಸನಕರ್ತರೇ ನಿರ್ಣಯಿಸಬೇಕು. ನಿರ್ಣಯ ರದ್ದಾಯಿತು, ಬದಲಿ ಬರುವವರೆಗೆ ಅದರ ಪರಿಣಾಮವನ್ನು ಮಾತ್ರ ಉಳಿಸಲಾಯಿತು. ೨೦೧೪ರಲ್ಲಿ ಸಂಸತ್ತೂ ಪರಿಷತ್ತೂ ಕೂಡಿ ಆ ವಿಷಯದ ಮೇಲೆ ನಿಯಮ ಮಾಡಿದುವು. ಸಂಸತ್ತಿನ ಮೇಲ್ವಿಚಾರಣೆಯ ಇತಿಹಾಸದಲ್ಲಿ ಇದಕ್ಕಿಂತ ಗಟ್ಟಿಯಾದ ಸಂಪಾದನೆ ನಮಗೆ ಕಾಣದು. ಯಾವುದು ವಿವರ, ಯಾವುದು ಸಾರ ಎಂದು ಹೆಸರಿಡುವ ಅಧಿಕಾರವನ್ನು ಕಾರ್ಯಾಂಗದ ಕೈಯಲ್ಲಿ ಬಿಡಲಾಗದೆಂದು ಅದು ತೋರಿಸಿತು.

ಹಕ್ಕು ಇದ್ದ ಮಾತ್ರಕ್ಕೆ ಮನಸ್ಸು ಇರಬೇಕೆಂದಿಲ್ಲ. ೨೦೧೫ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಾರುಗಳ ಹೊಗೆಯ ಮೋಸ ಬಯಲಾಗಿ ಕೆಲವೇ ವಾರಗಳಲ್ಲಿ, ಅಕ್ಟೋಬರ್ ೨೮ರಂದು, ಮೋಟಾರು ವಾಹನಗಳ ತಾಂತ್ರಿಕ ಸಮಿತಿ ರಸ್ತೆಯ ಪರೀಕ್ಷೆಯಲ್ಲಿ ಡೀಸೆಲ್ ಕಾರುಗಳು ಕಿಲೋಮೀಟರಿಗೆ ೮೦ ಮಿಲಿಗ್ರಾಮಿನ ಮಿತಿಯ ೨.೧ ಪಟ್ಟು ನೈಟ್ರೋಜನ್ ಆಕ್ಸೈಡುಗಳನ್ನು ಉಗುಳಬಹುದೆಂದು ಒಪ್ಪಿತು. ಇದು ಆಯೋಗ ಸೂಚಿಸಿದ್ದಕ್ಕಿಂತಲೂ ಸಡಿಲವಾಗಿತ್ತು. ಇಲ್ಲಿ ಸಂಸತ್ತಿಗೆ ನಿಷೇಧಾಧಿಕಾರವಿತ್ತು. ೨೦೧೬ರ ಫೆಬ್ರವರಿ ೩ರಂದು ಮತ ಹಾಕಿದಾಗ ನಿಷೇಧದ ಪರವಾಗಿ ೩೧೭, ವಿರುದ್ಧವಾಗಿ ೩೨೩. ಪ್ಯಾರಿಸ್, ಬ್ರಸೆಲ್ಸ್, ಮಾಡ್ರಿಡ್ ನಗರಗಳು ನ್ಯಾಯಾಲಯಕ್ಕೆ ಹೋಗಿ ೨೦೧೮ರಲ್ಲಿ ಗೆದ್ದುವು. ೨೦೨೨ರಲ್ಲಿ ಮೇಲಿನ ನ್ಯಾಯಾಲಯ, ದಾವೆ ಹೂಡಲು ನಗರಗಳಿಗೆ ಹಕ್ಕಿಲ್ಲವೆಂದು ಆ ಗೆಲುವನ್ನು ತೆಗೆದುಹಾಕಿತು. ೧೯೮೮ರಲ್ಲಿ ಸಂಸತ್ತು ಕೇಳಿದ ಉತ್ತರವನ್ನೇ ನಗರಗಳು ಕೇಳಿದುವು.

ಎರಡನೆಯ ಹೋಳಿನ ಸ್ಥಿತಿಯನ್ನು ತೋರಿಸಲು ಕಳೆನಾಶಕವಾದ ಗ್ಲೈಫೊಸೇಟಿನ ಕಥೆ ಸಾಕು. ೨೦೧೭ರ ಅಕ್ಟೋಬರಿನಲ್ಲಿ ಸಂಸತ್ತು ಇದನ್ನು ಹಂತಹಂತವಾಗಿ ನಿಲ್ಲಿಸಬೇಕೆಂದು ನಿರ್ಣಯ ಮಾಡಿತು. ಆ ನಿರ್ಣಯ ಯಾರನ್ನೂ ಕಟ್ಟಿಹಾಕುವಂತಹುದಲ್ಲ. ನವೆಂಬರ್ ೨೭ರಂದು ಮೇಲ್ಮನವಿ ಸಮಿತಿಯಲ್ಲಿ ೧೮ ರಾಷ್ಟ್ರಗಳು ಪರ, ೯ ವಿರುದ್ಧ, ಒಂದು ತಟಸ್ಥವಾಗಿ, ಐದು ವರ್ಷಗಳ ಪರವಾನಗಿ ದೊರೆಯಿತು. ಮತ ತೂಗಿದ್ದು ಜರ್ಮನಿಯಿಂದ. ಪರಿಸರ ಮಂತ್ರಿಯ ವಿರೋಧವಿದ್ದಾಗ ಆ ಸರ್ಕಾರ ತಟಸ್ಥವಾಗಿರಬೇಕಾಗಿತ್ತು; ಕೃಷಿಮಂತ್ರಿ ತನ್ನಷ್ಟಕ್ಕೆ ತಾನೇ ಪರವಾಗಿ ಮತ ಹಾಕಿಸಿದ. ಆತನ ಸರ್ಕಾರದ ಮುಖ್ಯಸ್ಥೆ ಬಹಿರಂಗವಾಗಿ ಆತನನ್ನು ಗದರಿಸಬೇಕಾಯಿತು. ಬಿದ್ದ ಮತ ಮಾತ್ರ ಬಿದ್ದಂತೆಯೇ ಉಳಿಯಿತು.

ಇದಕ್ಕೆ ವಿರುದ್ಧವಾದ ದೂರು ಆಯೋಗದ್ದು. ರಾಷ್ಟ್ರಗಳು ತಮ್ಮತಮ್ಮಲ್ಲೇ ತೀರ್ಮಾನಕ್ಕೆ ಬರದೆ ಅಪ್ರಿಯವಾದ ಕೆಲಸವನ್ನು ತನ್ನ ತಲೆಗೆ ಕಟ್ಟುತ್ತವೆಂದು ಅಧ್ಯಕ್ಷ ಯುಂಕರ್ ೨೦೧೬ರಲ್ಲಿ ಸಂಸತ್ತಿನ ಮುಂದೆಯೇ ಹೇಳಿಕೊಂಡರು. ಮರುವರ್ಷದ ಫೆಬ್ರವರಿಯಲ್ಲಿ ಆಯೋಗ, ಮೇಲ್ಮನವಿ ಸಮಿತಿಯಲ್ಲಿ ಯಾವ ರಾಷ್ಟ್ರ ಹೇಗೆ ಮತ ಹಾಕಿತೆಂಬುದನ್ನು ಪ್ರಕಟಿಸಬೇಕೆಂಬ ಸೂಚನೆಯುಳ್ಳ ಕರಡನ್ನು ತಂದಿತು. ಹಲವು ವರ್ಷಗಳು ಕಳೆದರೂ ಅದು ಶಾಸನವಾಗಲಿಲ್ಲ. ಮತ ಪ್ರಕಟವಾದರೆ ತಮ್ಮ ಊರಿನಲ್ಲಿ ಉತ್ತರ ಹೇಳಬೇಕಾಗುವವರೇ ಅದಕ್ಕೆ ಒಪ್ಪಿಗೆ ಕೊಡಬೇಕಾಗಿದ್ದವರು. ೨೦೨೩ರ ಅಕ್ಟೋಬರಿನಲ್ಲಿ ಗ್ಲೈಫೊಸೇಟು ಮತ್ತೆ ಸಮಿತಿಯ ಮುಂದೆ ಬಂದಿತು. ಪರವಾಗಿಯೂ ವಿರುದ್ಧವಾಗಿಯೂ ಬೇಕಾದಷ್ಟು ಮತ ಬೀಳಲಿಲ್ಲ. ನವೆಂಬರಿನಲ್ಲಿ ಮೇಲ್ಮನವಿ ಸಮಿತಿಯಲ್ಲೂ ಹಾಗೆಯೇ ಆಯಿತು. ಆ ತಿಂಗಳು ಮುಗಿಯುವುದರೊಳಗೆ ಆಯೋಗ ತಾನೊಂದೇ ಸಹಿ ಹಾಕಿ ಹತ್ತು ವರ್ಷಗಳ ಪರವಾನಗಿಯನ್ನು ಕೊಟ್ಟಿತು. ಅದರ ಅವಧಿ ೨೦೩೩ರ ಡಿಸೆಂಬರ್ ೧೫ರವರೆಗೆ.